ಹತ್ತೊಂಬತ್ತನೆಯ ಎಲೆಕ್ಟ್ರಾನ್ ಎಲ್ಲಿ ಕೂರುತ್ತದೆ?

ಪ್ರಶ್ನೆ: ನನ್ನ ಮಗಳು ಈ ವರ್ಷ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ಪರಮಾಣುವಿನ ಕವಚಗಳಲ್ಲಿ ಕ್ರಮವಾಗಿ 2, 8, 18, 32 ಎಲೆಕ್ಟ್ರಾನ್‌ಗಳಿಗೆ ಜಾಗ ಇರುತ್ತದೆ ಎಂದು ಹೈಸ್ಕೂಲಿನಲ್ಲೇ ಕಲಿತಿದ್ದಳು. ಆದರೆ ಪೊಟ್ಯಾಶಿಯಂಗೆ 2, 8, 8, 1 ಎಂದು ಬರೆಯುತ್ತಾರೆ. ಮೂರನೇ ಕವಚದಲ್ಲಿ ಇನ್ನೂ ಹತ್ತು ಜಾಗ ಖಾಲಿ ಇರುವಾಗ ಹತ್ತೊಂಬತ್ತನೆಯದು ನಾಲ್ಕನೆಯದಕ್ಕೆ ಯಾಕೆ ಹೋಯಿತು ಎಂದು ಕೇಳಿದಳು. ‘4ಎಸ್‌ನ ಶಕ್ತಿ 3ಡಿಗಿಂತ ಕಡಿಮೆ, ಅದಕ್ಕೇ ಅದು ಮೊದಲು ತುಂಬುತ್ತದೆ’ ಎಂದು ಕಾಲೇಜಿನಲ್ಲಿ ಹೇಳಿದರಂತೆ. ಮುಂದಿನ ವಾರ ‘ಕಬ್ಬಿಣ ಅಯಾನು ಆಗುವಾಗ 4ಎಸ್‌ನ ಎಲೆಕ್ಟ್ರಾನ್‌ಗಳೇ ಮೊದಲು ಹೋಗುತ್ತವೆ’ ಎಂದರಂತೆ. ಭದ್ರವಾದ ಜಾಗದಲ್ಲಿ ಮೊದಲು ಕೂತವರೇ ಮೊದಲು ಎದ್ದು ಹೋಗುವುದು ಹೇಗೆ? ಕ್ರೋಮಿಯಂ, ತಾಮ್ರದ್ದು ಬೇರೆಯೇ ತಕರಾರಂತೆ. ಕೇಳಿದರೆ ‘ಪರೀಕ್ಷೆಗೆ ಇಷ್ಟು ಸಾಕು’ ಎಂಬ ಉತ್ತರ ಸಿಕ್ಕಿದೆ. ನಾನು ಬಿ.ಕಾಂ. ಓದಿದವನು. ಇಬ್ಬರಿಗೂ ತಿಳಿಯುವ ಹಾಗೆ ವಿವರಿಸುತ್ತೀರಾ?

ಉತ್ತರ: ನಿಮ್ಮ ಮಗಳು ಹಿಡಿದ ಎಳೆ ಸರಿಯಾಗಿದೆ. ‘4ಎಸ್‌ನ ಶಕ್ತಿ 3ಡಿಗಿಂತ ಕಡಿಮೆ’ ಎಂಬ ಮಾತು (4ಎಸ್ ಎಂದರೆ ನಾಲ್ಕನೇ ಕವಚದ ‘ಎಸ್’ ಎಂಬ ಭಾಗ, 3ಡಿ ಎಂದರೆ ಮೂರನೆಯದರ ‘ಡಿ’ ಎಂಬ ಭಾಗ) ಆವರ್ತ ಕೋಷ್ಟಕದ ಆ ಸಾಲಿನಲ್ಲಿ ಎರಡೇ ಎರಡು ಧಾತುಗಳಿಗೆ ಹೊಂದುತ್ತದೆ: ಪೊಟ್ಯಾಶಿಯಂ ಮತ್ತು ಕ್ಯಾಲ್ಸಿಯಂ. ಅವುಗಳ ಪಕ್ಕದ ಸ್ಕ್ಯಾಂಡಿಯಂಗೆ ಬರುವಷ್ಟರಲ್ಲೇ ಲೆಕ್ಕ ತಲೆಕೆಳಗಾಗಿರುತ್ತದೆ. ಕಬ್ಬಿಣಕ್ಕೆ ಆ ಮಾತನ್ನು ಅನ್ವಯಿಸಿದ್ದೇ ತಪ್ಪು. ನಾನೂ ಮೇಷ್ಟರಾಗಿದ್ದಾಗ ಬಹಳ ವರ್ಷ ಹಾಗೇ ಪಾಠ ಮಾಡಿದ್ದೇನೆ, ಆದ್ದರಿಂದ ಕಾಲೇಜಿನವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಯಾವುದರ ನಂತರ ಯಾವುದು ತುಂಬುತ್ತದೆ ಎಂದು ಓರೆ ಬಾಣಗಳಲ್ಲಿ ತೋರಿಸುವ ಚಿತ್ರವೊಂದಿದೆ, ಅದನ್ನು ಬೋರ್ಡಿನ ಮೇಲೆ ಎಳೆದರೆ ಮಕ್ಕಳಿಗೆ ಹತ್ತೇ ನಿಮಿಷದಲ್ಲಿ ನೂರು ಧಾತುಗಳ ವಿನ್ಯಾಸ ಬರೆಯಲು ಬರುತ್ತದೆ. ಅಂಥ ಸುಲಭದ ದಾರಿ ಕೈಗೆ ಸಿಕ್ಕ ಮೇಲೆ ‘ಯಾಕೆ’ ಎಂದು ಕೇಳುವವರು ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು.

ಮೊದಲು 2, 8, 8, 1ರ ವಿಚಾರ. ಅದು ಸುಳ್ಳಲ್ಲ, ಅಳೆದು ನೋಡಿದ ಸಂಗತಿ. ಪೊಟ್ಯಾಶಿಯಂ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕೀಳಲು 4.34 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಎರಡನೆಯದಕ್ಕೆ ಕೈ ಹಾಕಿದರೆ 31.63 ಕೇಳುತ್ತದೆ, ಏಳು ಪಟ್ಟಿಗೂ ಹೆಚ್ಚು. ಕ್ಯಾಲ್ಸಿಯಂ ಮೊದಲಿನ ಎರಡನ್ನು 6.11 ಮತ್ತು 11.87ಕ್ಕೆ ಬಿಟ್ಟುಕೊಡುತ್ತದೆ, ಮೂರನೆಯದಕ್ಕೆ 50.91. (ಎಲೆಕ್ಟ್ರಾನ್ ವೋಲ್ಟ್ ಎಂದರೆ ಪರಮಾಣುಗಳ ಸಂತೆಯಲ್ಲಿ ನಡೆಯುವ ನಾಣ್ಯ ಎಂದುಕೊಳ್ಳಿ. ಲೆಕ್ಕಪತ್ರ ಬಲ್ಲವರಿಗೆ ಅಷ್ಟು ಸಾಕು.) ಪೊಟ್ಯಾಶಿಯಂನಲ್ಲಿ ಒಂದು, ಕ್ಯಾಲ್ಸಿಯಂನಲ್ಲಿ ಎರಡು ಎಲೆಕ್ಟ್ರಾನ್‌ಗಳು ಸಡಿಲವಾಗಿವೆ, ಒಳಗಿನ ಹದಿನೆಂಟು ಬಿಗಿಯಾಗಿವೆ ಎಂಬುದು ಈ ಬೆಲೆಗಳಿಂದಲೇ ಗೊತ್ತಾಗುತ್ತದೆ.

ಇನ್ನು ಜಾಗದ ಲೆಕ್ಕ. ಪ್ರತಿ ಕವಚದೊಳಗೂ ಉಪಕವಚಗಳಿವೆ. ಎಸ್‌ನಲ್ಲಿ 2, ಪಿಯಲ್ಲಿ 6, ಡಿಯಲ್ಲಿ 10, ಎಫ್‌ನಲ್ಲಿ 14. ಈ ಅಕ್ಷರಗಳಿಗೆ ವಿಶೇಷ ಅರ್ಥವೇನೂ ಇಲ್ಲ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುತ್ತಿದ್ದ ಹಳೆಯ ಕಾಲದ ರೋಹಿತತಜ್ಞರು ತಮಗೆ ಕಂಡ ಬೆಳಕಿನ ಗೆರೆಗಳ ಸರಣಿಗಳಿಗೆ ಶಾರ್ಪ್, ಪ್ರಿನ್ಸಿಪಲ್, ಡಿಫ್ಯೂಸ್, ಫಂಡಮೆಂಟಲ್ ಎಂದು ಹೆಸರಿಟ್ಟಿದ್ದರು, ಅವುಗಳ ಮೊದಲಕ್ಷರ ಉಳಿದುಕೊಂಡಿತು. ಒಂದು ಕಕ್ಷಕದಲ್ಲಿ (ಉಪಕವಚದೊಳಗಿನ ಒಂದೊಂದು ಕೋಣೆ ಎಂದುಕೊಳ್ಳಿ) ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನ್ ಇರಲಾರವು ಎಂಬ ಕಟ್ಟುಪಾಡು ವುಲ್ಫ್‌ಗ್ಯಾಂಗ್ ಪೌಲಿ 1925ರಲ್ಲಿ ಮಂಡಿಸಿದ ನಿಯಮದಿಂದ ಬರುತ್ತದೆ. ಮೂರನೇ ಕವಚಕ್ಕೆ 2, 6, 10 ಕೂಡಿದರೆ 18. ಆರ್ಗಾನ್‌ಗೆ ಬರುವಾಗ ಅದರಲ್ಲಿ ಮೊದಲಿನ ಎಂಟು ತುಂಬಿರುತ್ತವೆ. 3ಡಿಯ ಹತ್ತು ಖಾಲಿ. ನಿಮ್ಮ ಮಗಳು ಕೇಳಿದ್ದು ಈ ಹತ್ತರ ಬಗ್ಗೆಯೇ.

‘ಕಟ್ಟಕಡೆಯ ಕವಚದಲ್ಲಿ ಎಂಟಕ್ಕಿಂತ ಹೆಚ್ಚು ಇರುವುದಿಲ್ಲ’ ಎಂದು ಹೈಸ್ಕೂಲಿನಲ್ಲಿ ಹೇಳಿಕೊಡುತ್ತಾರಲ್ಲ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನು ಮುರಿಯುವುದು ಪೆಲೇಡಿಯಂ ಒಂದೇ. ಅದರ ಐದನೇ ಕವಚ ಪೂರ್ತಿ ಖಾಲಿ, ನಾಲ್ಕನೆಯದೇ ಕಡೆಯದು, ಅಲ್ಲಿ ಹದಿನೆಂಟು. ಆದರೆ ‘ಎಂಟು’ ಎಂಬುದು ಕಾರಣವಲ್ಲ, ಪರಿಣಾಮ. ಕಾರಣಕ್ಕೆ ಹೈಡ್ರೋಜನ್‌ನಿಂದ ಹೊರಡಬೇಕು.

ಹೈಡ್ರೋಜನ್‌ನಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಜಗಳವಾಡಲು ಜೊತೆಯವರಿಲ್ಲ. ಅಲ್ಲಿ ಬೀಜಕೇಂದ್ರದ ಹಿಡಿತ ಕವಚದ ಸಂಖ್ಯೆಯೊಂದನ್ನೇ ಅವಲಂಬಿಸುತ್ತದೆ. ಮೊದಲ ಕವಚದಲ್ಲಿ 13.6, ಮೂರನೆಯದರಲ್ಲಿ 1.51, ನಾಲ್ಕನೆಯದರಲ್ಲಿ 0.85 ಎಲೆಕ್ಟ್ರಾನ್ ವೋಲ್ಟ್. 3ಎಸ್, 3ಪಿ, 3ಡಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಅಂದರೆ ಹೈಡ್ರೋಜನ್‌ನಲ್ಲಿ 3ಡಿಯೇ 4ಎಸ್‌ಗಿಂತ ಕೆಳಗಿದೆ, ಹಿಡಿತವೂ ಗಟ್ಟಿ. ಓರೆ ಬಾಣಗಳ ಚಿತ್ರ ಮೊದಲನೇ ಮನೆಯಲ್ಲೇ ಸುಳ್ಳಾಗುತ್ತದೆ. ‘4ಎಸ್ ಕೆಳಗೆ, 3ಡಿ ಮೇಲೆ’ ಎಂದು ಎಲ್ಲ ಪರಮಾಣುಗಳಿಗೂ ಒಂದೇ ಏಣಿಯನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿಲ್ಲ. ಪ್ರತಿ ಪರಮಾಣುವಿನ ಏಣಿ ಬೇರೆ, ಮೆಟ್ಟಿಲುಗಳ ಅಂತರವೂ ಬೇರೆ.

ಪೊಟ್ಯಾಶಿಯಂನಲ್ಲಿ ಏನಾಗುತ್ತದೆ ನೋಡಿ. ಬೀಜಕೇಂದ್ರದಲ್ಲಿ 19 ಪ್ರೋಟಾನ್, ಅದರ ಸುತ್ತ ಆರ್ಗಾನ್ ಮಾದರಿಯ 18 ಎಲೆಕ್ಟ್ರಾನ್‌ಗಳ ಮೋಡ. ಹತ್ತೊಂಬತ್ತನೆಯದು ಈ ಮೋಡದ ಹೊರಗೇ ಉಳಿದರೆ ಅದಕ್ಕೆ ಕಾಣುವುದು 19ರಲ್ಲಿ 18 ಕಳೆದ ಲೆಕ್ಕ, ಅಂದರೆ ಒಂದೇ ಒಂದು ಧನ ಆವೇಶ. ಆಗ ಅದರ ಪಾಡು ಹೈಡ್ರೋಜನ್‌ನ ಎಲೆಕ್ಟ್ರಾನಿನಂತೆಯೇ. ಮೋಡದೊಳಗೆ ನುಗ್ಗಿ ಬೀಜಕೇಂದ್ರದ ಹತ್ತಿರಕ್ಕೆ ಹೋಗಿಬರಲು ಸಾಧ್ಯವಾದರೆ ಮಾತ್ರ 19ರ ಸೆಳೆತದ ರುಚಿ ಸಿಗುತ್ತದೆ. ಇಲ್ಲಿ ಆಕಾರ ಮುಖ್ಯವಾಗುತ್ತದೆ. ಎಸ್ ಎಲೆಕ್ಟ್ರಾನಿನ ಮೋಡ ಬೀಜಕೇಂದ್ರದವರೆಗೂ ಹಬ್ಬಿರುತ್ತದೆ. ಅದರ ಬಹುಪಾಲು ದೂರದಲ್ಲಿದ್ದರೂ ಒಂದಿಷ್ಟು ಭಾಗ ಒಳಗೆ ಇಣುಕುತ್ತದೆ. ಡಿ ಎಲೆಕ್ಟ್ರಾನಿಗೆ ಕೋನೀಯ ಸಂವೇಗ, ಅಂದರೆ ಸುತ್ತುವ ರಭಸ, ಹೆಚ್ಚು. ಹಗ್ಗಕ್ಕೆ ಕಟ್ಟಿ ಬೀಸಿದ ಕಲ್ಲು ಹೇಗೆ ಕೈಯಿಂದ ದೂರವೇ ಉಳಿಯುತ್ತದೋ ಹಾಗೆ ಅದು ನಡುವಿಗೆ ಬರುವುದಿಲ್ಲ.

ಇದು ಬರೀ ಬಾಯಿಮಾತಲ್ಲ. ಪೊಟ್ಯಾಶಿಯಂನಲ್ಲಿ 4ಎಸ್ ಎಲೆಕ್ಟ್ರಾನಿನ ಮೇಲಿನ ಹಿಡಿತ 4.34 ಎಂದೆನಲ್ಲ, ಹೈಡ್ರೋಜನ್‌ನ ನಾಲ್ಕನೇ ಕವಚದಲ್ಲಿ ಅದು ಬರೀ 0.85 ಇತ್ತು. ಒಳಗೆ ಇಣುಕಿದ್ದಕ್ಕೆ ಸಿಕ್ಕ ಲಾಭ ಐದು ಪಟ್ಟು. ಅದೇ ಎಲೆಕ್ಟ್ರಾನನ್ನು 3ಡಿಗೆ ಏರಿಸಿ ಅಳೆದರೆ ಹಿಡಿತ 1.67. ಹೈಡ್ರೋಜನ್‌ನ 1.51ಕ್ಕೆ ಪಕ್ಕದಲ್ಲೇ ಇದೆ! 3ಡಿಯಲ್ಲಿ ಕೂತ ಎಲೆಕ್ಟ್ರಾನಿಗೆ ತಾನು ಪೊಟ್ಯಾಶಿಯಂನಲ್ಲಿದ್ದೇನೋ ಹೈಡ್ರೋಜನ್‌ನಲ್ಲಿದ್ದೇನೋ ಎಂಬುದೇ ಸರಿಯಾಗಿ ಗೊತ್ತಾಗುವುದಿಲ್ಲ ಎನ್ನಬಹುದು. ಪಿಯುಸಿ ಪುಸ್ತಕಗಳಲ್ಲಿ ಈ ನಾಲ್ಕು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು ಎಂಬುದು ನನ್ನ ಹಳೆಯ ಆಸೆ.

ಹಾಗಾಗಿ ಹತ್ತೊಂಬತ್ತನೆಯದು 4ಎಸ್‌ಗೆ ಹೋಯಿತು. ‘ಮೂರನೇ ಕವಚದಲ್ಲಿ ಖಾಲಿ ಇರುವ ಹತ್ತು ಜಾಗ’ ಎಂಬ ಮಾತೇ ಪೊಟ್ಯಾಶಿಯಂ ಮಟ್ಟಿಗೆ ದಾರಿ ತಪ್ಪಿಸುವಂಥದ್ದು. ಹೆಸರಿಗೆ ಮೂರನೆಯದಾದರೂ ಆ ಜಾಗ ಮನೆಯ ಒಳಗಿಲ್ಲ, ಕಾಂಪೌಂಡಿನ ಆಚೆ ಇದೆ. 4ಎಸ್‌ನ ನಂತರ ಪೊಟ್ಯಾಶಿಯಂನ ಏಣಿಯಲ್ಲಿ ಬರುವುದು 4ಪಿ, ಆಮೇಲೆ 5ಎಸ್, ಅದರ ಮೇಲೆ 3ಡಿ. ಐದನೇ ಕವಚದ ಎಸ್ ಕೂಡ ಅದಕ್ಕಿಂತ ಕೆಳಗೆ. ಪೊಟ್ಯಾಶಿಯಂ ಲವಣವನ್ನು ಬೆಂಕಿಗೆ ಹಿಡಿದಾಗ ಕಾಣುವ ನೇರಳೆ ಛಾಯೆ ಈ ಹೊರಗಿನ ಎಲೆಕ್ಟ್ರಾನಿನದೇ ಆಟ. 5ಪಿಯಿಂದ 4ಎಸ್‌ಗೆ ಇಳಿಯುವಾಗ 404 ನ್ಯಾನೋಮೀಟರ್‌ನ ನೇರಳೆ, 4ಪಿಯಿಂದ ಇಳಿಯುವಾಗ 766 ಮತ್ತು 770ರ ಆಸುಪಾಸಿನ ಕಡುಗೆಂಪು. ‘ಯಾರು ನೋಡಿದ್ದಾರೆ ಇದನ್ನೆಲ್ಲ’ ಎಂದು ಯಾರಾದರೂ ಕೇಳಿದರೆ ಈ ಗೆರೆಗಳನ್ನು ತೋರಿಸಬಹುದು. ನಾನು ಕೊಟ್ಟ 1.67 ಎಂಬ ಅಂಕಿ ಕೂಡ ಹೀಗೆ ಗೆರೆಗಳನ್ನು ಅಳೆದು ಕೂಡಿ ಕಳೆದು ಬಂದದ್ದು.

ಈಗ ನಿಜವಾದ ತಿರುವು. ಹತ್ತೊಂಬತ್ತು ಎಲೆಕ್ಟ್ರಾನ್‌ಗಳನ್ನು ಹಾಗೇ ಇಟ್ಟುಕೊಂಡು ಬೀಜಕೇಂದ್ರವನ್ನು ಮಾತ್ರ ಬಲಪಡಿಸುತ್ತಾ ಹೋಗೋಣ. 20 ಪ್ರೋಟಾನ್ ಇದ್ದರೆ ಅದು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂ ಅಯಾನು. 21 ಇದ್ದರೆ ಎರಡನ್ನು ಕಳೆದುಕೊಂಡ ಸ್ಕ್ಯಾಂಡಿಯಂ ಅಯಾನು. ಮೂರರಲ್ಲೂ ಎಲೆಕ್ಟ್ರಾನ್ ಸಂಖ್ಯೆ ಒಂದೇ, ಕಡೆಯದೊಂದು ಎಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ.

ಪೊಟ್ಯಾಶಿಯಂನಲ್ಲಿ 3ಡಿ 4ಎಸ್‌ಗಿಂತ 2.67 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ. ಕ್ಯಾಲ್ಸಿಯಂ ಅಯಾನಿನಲ್ಲಿ ಆ ಅಂತರ 1.69ಕ್ಕೆ ಇಳಿಯುತ್ತದೆ, 3ಡಿ ಆಗಲೇ 4ಪಿಯನ್ನು ದಾಟಿ ಕೆಳಗೆ ಬಂದಿರುತ್ತದೆ. ಸ್ಕ್ಯಾಂಡಿಯಂ ಅಯಾನಿನಲ್ಲಿ? 3ಡಿ 4ಎಸ್‌ಗಿಂತ ಸುಮಾರು 3.17ರಷ್ಟು ಕೆಳಗೆ! ಅದರ ಒಂಟಿ ಹೊರ ಎಲೆಕ್ಟ್ರಾನ್ ಇರುವುದು 3ಡಿಯಲ್ಲಿ, 4ಎಸ್‌ನಲ್ಲಲ್ಲ.

ಬೀಜಕೇಂದ್ರದ ಸೆಳೆತ ಹೆಚ್ಚಿದಂತೆ, ಹೊರಗೆ ಅಲೆಯುತ್ತಿದ್ದ 3ಡಿ ಮೋಡ ಕುಗ್ಗಿ ಒಳಗೆ ಬೀಳುತ್ತದೆ. ಒಳಗೆ ಬಿದ್ದಷ್ಟೂ ಸೆಳೆತ ಇನ್ನೂ ಹೆಚ್ಚುತ್ತದೆ, ಆಗ ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದಲೇ ಈ ಬದಲಾವಣೆ ನಿಧಾನವಾಗಿ ಆಗುವುದಿಲ್ಲ, ಎರಡೇ ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. ಸ್ಕ್ಯಾಂಡಿಯಂ ಪರಮಾಣುವಿನಲ್ಲಿ 3ಡಿ ಎಲೆಕ್ಟ್ರಾನ್ ಬೀಜಕೇಂದ್ರದಿಂದ ಸರಾಸರಿ ಇರುವ ದೂರ 4ಎಸ್‌ನದರ ಅರ್ಧಕ್ಕಿಂತ ಕಡಿಮೆ. ಪೊಟ್ಯಾಶಿಯಂನಲ್ಲಿ ಕಾಂಪೌಂಡಿನ ಆಚೆ ಇದ್ದದ್ದು ಸ್ಕ್ಯಾಂಡಿಯಂನಲ್ಲಿ ನಡುಮನೆಯೇ ಆಗಿಬಿಟ್ಟಿತು.

ನಡುವೆ ಒಂದು ಮಾತು. ಆ ಕ್ಯಾಲ್ಸಿಯಂ ಅಯಾನು ಪುಸ್ತಕದ ಕಾಲ್ಪನಿಕ ಜೀವಿಯಲ್ಲ. ಸೂರ್ಯನ ಬೆಳಕಿನಲ್ಲಿ 393.4 ನ್ಯಾನೋಮೀಟರ್‌ನಲ್ಲಿ ಕಾಣುವ ದಟ್ಟ ಕಪ್ಪು ಗೆರೆ ಅದರ 4ಎಸ್ ಎಲೆಕ್ಟ್ರಾನ್ 4ಪಿಗೆ ನೆಗೆಯುವಾಗ ನುಂಗಿದ ಬೆಳಕಿನ ಗುರುತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಇದೇ ಗೆರೆಯ ಬೆಳಕಿನಲ್ಲಿ ತೆಗೆದ ಸೂರ್ಯನ ಚಿತ್ರಗಳು ಕಳೆದ ಶತಮಾನದ ಮೊದಲ ದಶಕದಿಂದಲೂ ಸಂಗ್ರಹವಾಗಿವೆ. ಸೂರ್ಯನ ಚಟುವಟಿಕೆಯ ನೂರು ವರ್ಷದ ದಾಖಲೆ ಹೀಗೆ 4ಎಸ್‌ನ ಒಂದು ಒಂಟಿ ಎಲೆಕ್ಟ್ರಾನಿನ ನೆಗೆತದ ಮೇಲೆ ನಿಂತಿದೆ.

ಸರಿ, ನಿಮ್ಮ ಮಗಳು ಇಷ್ಟು ಓದಿ ಸುಮ್ಮನಿರುವವಳಲ್ಲ. ‘ಸ್ಕ್ಯಾಂಡಿಯಂನಲ್ಲಿ 3ಡಿ ಕೆಳಗಿದೆ ಎಂದಮೇಲೆ ಅದರ ಮೂರೂ ಹೊರ ಎಲೆಕ್ಟ್ರಾನ್‌ಗಳು 3ಡಿಯಲ್ಲೇ ಇರಬೇಕಿತ್ತು. ಆದರೆ ಪುಸ್ತಕದಲ್ಲಿ 3ಡಿ¹ 4ಎಸ್², ಅಂದರೆ 3ಡಿಯಲ್ಲಿ ಒಂದು, 4ಎಸ್‌ನಲ್ಲಿ ಎರಡು ಅಂತಿದೆಯಲ್ಲ?’ ಎಂದು ಕೇಳುತ್ತಾಳೆ. ಕೇಳಲೇಬೇಕು.

ಹಳೆಯ ಕಾಲದ ಮನೆಯೊಂದನ್ನು ನೆನಪಿಸಿಕೊಳ್ಳಿ. ಒಳಗೆ ತಂಪಾದ, ಆದರೆ ಇಕ್ಕಟ್ಟಾದ ನಡುಮನೆ. ಹೊರಗೆ ವಿಶಾಲವಾದ ಜಗಲಿ. ಬಿಸಿಲಿಗೆ ಬಂದವರಲ್ಲಿ ಮೊದಲನೆಯವರು ನಡುಮನೆಗೆ ಹೋಗಿ ಅಡ್ಡಾಗುತ್ತಾರೆ. ಎರಡನೆಯವರಿಗೂ ಅಲ್ಲೇ ಜಾಗವಿದೆ, ತಂಪೂ ಇದೆ. ಆದರೆ ಇಬ್ಬರ ಮೈ ಮೈಗೆ ತಾಗಿ ಸೆಕೆ. ಅವರು ಜಗಲಿಯಲ್ಲಿ ಚಾಪೆ ಹಾಸಿಕೊಂಡರೆ ಅವರಿಗೆ ತುಸು ಬಿಸಿ ಗಾಳಿ ತಾಗಿದರೂ ಒಟ್ಟಿನಲ್ಲಿ ಇಬ್ಬರಿಗೂ ಹಾಯಿ. 3ಡಿ ಎಂಬುದು ಇಕ್ಕಟ್ಟಿನ ನಡುಮನೆ, 4ಎಸ್ ಜಗಲಿ. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ, ಸಣ್ಣ ಜಾಗದಲ್ಲಿ ಆ ತಳ್ಳಾಟ ಜಾಸ್ತಿ.

ಸ್ಕ್ಯಾಂಡಿಯಂನಲ್ಲಿ ಅದು ಹೀಗೇ ನಡೆಯುತ್ತದೆ. ಮೂರು ಕಳೆದುಕೊಂಡ ಅಯಾನಿಗೆ ಒಂದೊಂದೇ ಎಲೆಕ್ಟ್ರಾನ್ ಮರಳಿಸುತ್ತಾ ಬನ್ನಿ. ಮೊದಲನೆಯದು 3ಡಿಗೆ. ಎರಡನೆಯದು 4ಎಸ್‌ಗೆ: 3ಡಿ¹ 4ಎಸ್¹ ವಿನ್ಯಾಸದ ಒಟ್ಟು ಶಕ್ತಿ 3ಡಿ²ಗಿಂತ ಸುಮಾರು 0.6 ಎಲೆಕ್ಟ್ರಾನ್ ವೋಲ್ಟ್ ಕಡಿಮೆ. ಮೂರನೆಯದೂ 4ಎಸ್‌ಗೇ: 3ಡಿ¹ 4ಎಸ್² ಎಂಬುದು 3ಡಿ² 4ಎಸ್¹ಗಿಂತ ಸುಮಾರು 1.4 ಕಡಿಮೆ. ಪರಮಾಣು ನೋಡುವುದು ಒಬ್ಬೊಬ್ಬರ ಖಾತೆಯನ್ನಲ್ಲ, ವರ್ಷಾಂತ್ಯದ ಒಟ್ಟು ತಃಖ್ತೆಯನ್ನು. ಒಂದು ಬಾಬತ್ತಿನಲ್ಲಿ ಉಳಿತಾಯವಾಯಿತೆಂದು ಇನ್ನೊಂದರಲ್ಲಿ ದುಪ್ಪಟ್ಟು ಕೈಬಿಟ್ಟರೆ ಏನು ಬಂತು? ಇದು ನಿಮಗೆ ಹೇಳಿಕೊಡಬೇಕಾದ ಪಾಠವಲ್ಲ. ‘4ಎಸ್‌ನ ಶಕ್ತಿ ಕಡಿಮೆ’ ಎನ್ನುವುದಕ್ಕೂ ‘4ಎಸ್‌ನಲ್ಲಿ ಇಬ್ಬರು ಕೂತರೆ ಪರಮಾಣುವಿನ ಒಟ್ಟು ಶಕ್ತಿ ಕಡಿಮೆ’ ಎನ್ನುವುದಕ್ಕೂ ಇರುವ ಅಂತರ ಇಷ್ಟೇ. ಎಡವಟ್ಟೆಲ್ಲ ಅಲ್ಲೇ ಆಗುವುದು.

ಈಗ ಕಬ್ಬಿಣ. ಬೀಜಕೇಂದ್ರದಲ್ಲಿ 26 ಪ್ರೋಟಾನ್, ವಿನ್ಯಾಸ 3ಡಿ⁶ 4ಎಸ್². ನಡುಮನೆಯಲ್ಲಿ ಆರು ಜನ, ಜಗಲಿಯಲ್ಲಿ ಇಬ್ಬರು. ಹೊರಗಿನಿಂದ ಕರೆ ಬಂದರೆ ಯಾರು ಎದ್ದು ಹೋಗುತ್ತಾರೆ? ಜಗಲಿಯವರು. ಮೊದಲ ಎಲೆಕ್ಟ್ರಾನ್ 7.90ಕ್ಕೆ ಹೋಗುತ್ತದೆ, ಎರಡನೆಯದು 16.19ಕ್ಕೆ. ಉಳಿದದ್ದು 3ಡಿ⁶. ಮೂರನೆಯದು 30.65 ತೆತ್ತರೆ 3ಡಿಯಿಂದ ಬರುತ್ತದೆ. ತುಕ್ಕಿನಲ್ಲಿರುವ ಕಬ್ಬಿಣ ಆ ಸ್ಥಿತಿಯದು, 3ಡಿ⁵.

ಹಾಗಾದರೆ ಮೊದಲು ಬಂದು ಕೂತವರು ಮೊದಲು ಹೋದರಲ್ಲ ಎಂಬ ಗೊಂದಲ ಹುಟ್ಟಿದ್ದು ಎಲ್ಲಿ? ಎರಡು ಬೇರೆ ಬೇರೆ ಪಯಣಗಳನ್ನು ಒಂದೇ ಎಂದು ತಿಳಿದದ್ದರಿಂದ. ಆವರ್ತ ಕೋಷ್ಟಕದಲ್ಲಿ ಪೊಟ್ಯಾಶಿಯಂನಿಂದ ಕಬ್ಬಿಣದ ತನಕ ನಡೆದು ಹೋಗುವಾಗ ಪ್ರತಿ ಹೆಜ್ಜೆಗೂ ಎಲೆಕ್ಟ್ರಾನ್ ಜೊತೆಗೆ ಒಂದು ಪ್ರೋಟಾನ್ ಕೂಡ ಸೇರುತ್ತದೆ. ಪ್ರತಿ ಹೆಜ್ಜೆಯಲ್ಲೂ ಮನೆಯೇ ಹೊಸದು. ಕ್ಯಾಲ್ಸಿಯಂನಲ್ಲಿ 4ಎಸ್‌ನಲ್ಲಿ ಕೂತ ಎರಡು ಎಲೆಕ್ಟ್ರಾನ್‌ಗಳೇ ಕಬ್ಬಿಣದಲ್ಲೂ ಕೂತಿಲ್ಲ. ಕ್ಯಾಲ್ಸಿಯಂ ಬೆಳೆದು ಕಬ್ಬಿಣವಾಗಿಲ್ಲ. ಅಯಾನು ಮಾಡುವಾಗ ಹಾಗಲ್ಲ, ಮನೆ ಒಂದೇ, 26 ಪ್ರೋಟಾನ್ ಕದಲುವುದಿಲ್ಲ, ಜನರಷ್ಟೇ ಒಬ್ಬೊಬ್ಬರಾಗಿ ಹೊರಡುತ್ತಾರೆ. ಮೊದಲ ಪಯಣದಲ್ಲಿ ಕಂಡ ಕ್ರಮವನ್ನು ಎರಡನೆಯದಕ್ಕೆ ತಿರುಗಿಸಿ ಹಚ್ಚುವುದು ಮೈಸೂರಿನ ಬಸ್ ವೇಳಾಪಟ್ಟಿ ಹಿಡಿದು ಮಂಗಳೂರಿನಲ್ಲಿ ಕಾದ ಹಾಗೆ.

ಈ ಗೊಂದಲಕ್ಕೆ ಹಳೆಯ ಬೇರುಗಳಿವೆ. ‘ಆಫ್‌ಬೌ’ ಎಂಬ ಜರ್ಮನ್ ಪದಕ್ಕೆ ಕಟ್ಟುವಿಕೆ ಎಂದರ್ಥ, ಎಲೆಕ್ಟ್ರಾನ್‌ಗಳನ್ನು ಕ್ರಮವಾಗಿ ತುಂಬುತ್ತಾ ಹೋಗುವ ತತ್ವಕ್ಕೆ ಪುಸ್ತಕಗಳಲ್ಲಿ ಇದೇ ಹೆಸರು. ಆ ತತ್ವವನ್ನು ಕೊಟ್ಟ ನೀಲ್ಸ್ ಬೋರ್ 1920ರ ದಶಕದ ಆರಂಭದಲ್ಲಿ ಯೋಚಿಸಿದ್ದು ಬರಿಯ ಬೀಜಕೇಂದ್ರವೊಂದು ಒಂದೊಂದೇ ಎಲೆಕ್ಟ್ರಾನನ್ನು ಹಿಡಿದುಕೊಳ್ಳುತ್ತಾ ಹೋದರೆ ಏನಾಗುತ್ತದೆ ಎಂದು. ಅಂದರೆ ಒಂದೇ ಮನೆಯ ಪಯಣ. ತರಗತಿಗಳಲ್ಲಿ ಅದು ಕೋಷ್ಟಕದ ಮೇಲಿನ ನಡಿಗೆಯಾಗಿ ಬದಲಾಯಿತು. ಎರ್ವಿನ್ ಮಾಡೆಲುಂಗ್ 1936ರಲ್ಲಿ ಪ್ರಕಟಿಸಿದ ನಿಯಮ (ಕವಚದ ಸಂಖ್ಯೆಗೆ ಎಸ್‌ಗೆ 0, ಪಿಗೆ 1, ಡಿಗೆ 2, ಎಫ್‌ಗೆ 3 ಕೂಡಿಸಿ ಬಂದ ಮೊತ್ತ ಚಿಕ್ಕದಿದ್ದದ್ದು ಮೊದಲು) ಆ ನಡಿಗೆಯ ಕ್ರಮವನ್ನು ನೆನಪಿಡಲು ಸೊಗಸಾಗಿದೆ. 4ಎಸ್‌ಗೆ 4, 3ಡಿಗೆ 5. ಓರೆ ಬಾಣಗಳು ಹೇಳುವುದೂ ಇದನ್ನೇ. ಮಗ್ಗಿಯಂತೆ ಬಳಸಿಕೊಂಡರೆ ತಕರಾರಿಲ್ಲ.

ಬೋರ್‌ನ ಕಟ್ಟುವಿಕೆಯ ತಾಕತ್ತನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. 72ನೇ ಧಾತು ಆಗ ಇನ್ನೂ ಸಿಕ್ಕಿರಲಿಲ್ಲ. ಅದು ವಿರಳ ಭಸ್ಮ ಧಾತುಗಳ ಗುಂಪಿನದು ಎಂದು ಹಲವರು ನಂಬಿದ್ದರು. 4ಎಫ್‌ನ ಹದಿನಾಲ್ಕು ಜಾಗ 71ಕ್ಕೇ ಮುಗಿಯುತ್ತವೆ, ಆದ್ದರಿಂದ 72 ಜಿರ್ಕೋನಿಯಂನ ಬಂಧು ಎಂದಿತು ಬೋರ್‌ನ ಲೆಕ್ಕ. ಕೋಪನ್‌ಹೇಗನ್‌ನಲ್ಲಿ ಡಿರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಸಿ ಜಿರ್ಕೋನಿಯಂ ಅದಿರನ್ನೇ ಎಕ್ಸ್‌ರೇಯಲ್ಲಿ ಹುಡುಕಿದರು, ಸಿಕ್ಕಿತು. 1922ರ ಡಿಸೆಂಬರ್‌ನಲ್ಲಿ ಬೋರ್ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಆ ಸುದ್ದಿ ಹೇಳಿದರು. ಆ ಊರಿನ ಲ್ಯಾಟಿನ್ ಹೆಸರು ಹಾಫ್ನಿಯಾ, ಧಾತುವಿಗೆ ಹಾಫ್ನಿಯಂ ಎಂದು ಹೆಸರಾಯಿತು.

ಕ್ರೋಮಿಯಂ, ತಾಮ್ರದ ತಕರಾರಿಗೆ ಬರೋಣ. ಬಾಣಗಳ ಪ್ರಕಾರ ಕ್ರೋಮಿಯಂ 3ಡಿ⁴ 4ಎಸ್² ಆಗಬೇಕು, ಇರುವುದು 3ಡಿ⁵ 4ಎಸ್¹. ತಾಮ್ರ 3ಡಿ⁹ 4ಎಸ್² ಆಗಬೇಕು, ಇರುವುದು 3ಡಿ¹⁰ 4ಎಸ್¹. ‘ಅರ್ಧ ತುಂಬಿದ ಮತ್ತು ಪೂರ್ತಿ ತುಂಬಿದ ಉಪಕವಚಕ್ಕೆ ವಿಶೇಷ ಸ್ಥಿರತೆ’ ಎಂದು ಹೇಳಿ ಮುಗಿಸುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಹುಟ್ಟುಗುಣವಿದೆ, ಅದಕ್ಕೆ ಎರಡೇ ದಿಕ್ಕು. ಒಂದೇ ದಿಕ್ಕಿನ ಸ್ಪಿನ್ ಇರುವ ಎಲೆಕ್ಟ್ರಾನ್‌ಗಳು ಪೌಲಿ ನಿಯಮದ ದೆಸೆಯಿಂದ ಒಂದರಿಂದ ಒಂದು ದೂರ ಉಳಿಯುತ್ತವೆ, ಆದ್ದರಿಂದ ಅವುಗಳ ನಡುವಿನ ತಳ್ಳಾಟ ಕಡಿಮೆ. ಕ್ರೋಮಿಯಂನಲ್ಲಿ ಆರು ಎಲೆಕ್ಟ್ರಾನ್‌ಗಳೂ ಒಂದೇ ದಿಕ್ಕಿನವು. ಆ ವಿನ್ಯಾಸ ಇನ್ನೊಂದಕ್ಕಿಂತ ಸುಮಾರು 0.96 ಎಲೆಕ್ಟ್ರಾನ್ ವೋಲ್ಟ್ ಕೆಳಗಿದೆ. ತಾಮ್ರದಲ್ಲಿ ಅಂತರ ಸುಮಾರು 1.39.

ಆದರೆ ‘ಅರ್ಧ ತುಂಬಿದರೆ ಸ್ಥಿರ’ ಎಂಬುದು ನಿಯಮವೇ ಆಗಿದ್ದರೆ ಕೋಷ್ಟಕದಲ್ಲಿ ಕ್ರೋಮಿಯಂನಿಂದ ಎರಡು ಮನೆ ಕೆಳಗಿರುವ ಟಂಗ್‌ಸ್ಟನ್ ಅದನ್ನು ಪಾಲಿಸಬೇಕಿತ್ತು. ಪಾಲಿಸುವುದಿಲ್ಲ, ಅದು 5ಡಿ⁴ 6ಎಸ್². ನಯೋಬಿಯಂ 4ಡಿ⁴ 5ಎಸ್¹, ಅಲ್ಲಿ ಅರ್ಧವೂ ಇಲ್ಲ ಪೂರ್ತಿಯೂ ಇಲ್ಲ, ಆದರೂ ಬಾಣದ ಮಾತು ಕೇಳಲಿಲ್ಲ. ನಿಜ ಸಂಗತಿ ಎಂದರೆ, ಈ ಸಾಲುಗಳಲ್ಲಿ ಎಸ್ ಮತ್ತು ಡಿಗಳ ತಕ್ಕಡಿ ಬಹಳ ಸೂಕ್ಷ್ಮ. ನಿಕ್ಕಲ್‌ನಲ್ಲಿ 3ಡಿ⁸ 4ಎಸ್² ಮತ್ತು 3ಡಿ⁹ 4ಎಸ್¹ಗಳ ಅತಿ ಕೆಳಗಿನ ಮಟ್ಟಗಳ ನಡುವೆ ಇರುವುದು 0.025 ಎಲೆಕ್ಟ್ರಾನ್ ವೋಲ್ಟ್. ನಿಮ್ಮ ಕೋಣೆಯ ಗಾಳಿಯಲ್ಲಿರುವ ಶಾಖದ ಅಲುಗಾಟ ಕೂಡ ಸುಮಾರು ಅಷ್ಟೇ! ಇಂಥ ಕೂದಲೆಳೆಯ ಅಂತರದ ಮೇಲೆ ‘ಅಪವಾದ’ ಎಂದು ಷರಾ ಬರೆದು ಮಕ್ಕಳಿಂದ ಅಂಕ ಕಳೆಯುವುದು ನನಗೆ ಅಷ್ಟಾಗಿ ಸೇರುವುದಿಲ್ಲ.

ನಿಕ್ಕಲ್ ಮಾತು ಬಂತಲ್ಲ, ಜಗಲಿಯ ಕಥೆಗೆ ಅದು ಒಳ್ಳೆಯ ಸಾಕ್ಷಿ. ಅದರ ಪರಮಾಣುವಿನಿಂದ ಒಂದೇ ಒಂದು ಎಲೆಕ್ಟ್ರಾನ್ ತೆಗೆದರೆ ಏನು ಉಳಿಯುತ್ತದೆ? 3ಡಿ⁸ 4ಎಸ್¹ ಎಂದು ಎಲ್ಲರೂ ಬರೆಯುತ್ತಾರೆ. ಅಳೆದಾಗ ಸಿಗುವುದು 3ಡಿ⁹. ಜಗಲಿಯಿಂದ ಒಬ್ಬರು ಎದ್ದು ಹೋದ ಕೂಡಲೇ ಉಳಿದವರೂ ಚಾಪೆ ಸುತ್ತಿಕೊಂಡು ಒಳಗೆ ಬಂದುಬಿಟ್ಟರು. ಎಲೆಕ್ಟ್ರಾನ್ ಒಂದು ಕಡಿಮೆಯಾದರೆ ಬೀಜಕೇಂದ್ರದ ಸೆಳೆತ ಉಳಿದವರಿಗೆ ಹೆಚ್ಚು ಸಿಗುತ್ತದೆ, ಆಗ 3ಡಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ವೆನೇಡಿಯಂ, ಕೋಬಾಲ್ಟ್‌ಗಳೂ ಹೀಗೇ. ಎರಡು ಕಳೆದುಕೊಳ್ಳುವ ಹೊತ್ತಿಗಂತೂ ಸ್ಕ್ಯಾಂಡಿಯಂನಿಂದ ಸತುವಿನವರೆಗೆ ಆ ಸಾಲಿನ ಯಾವ ಅಯಾನಿನಲ್ಲೂ 4ಎಸ್‌ನಲ್ಲಿ ಯಾರೂ ಇರುವುದಿಲ್ಲ. ಅಪವಾದವೇ ಇಲ್ಲದ ಇಂಥ ಸಾಲು ಸಿಕ್ಕಿರುವಾಗ ನಾವು ಕ್ರೋಮಿಯಂ, ತಾಮ್ರ ಎಂದು ತಲೆ ಕೆಡಿಸಿಕೊಳ್ಳುತ್ತೇವೆ.

ಇನ್ನೊಂದು ಎಚ್ಚರಿಕೆ. ಈ ವಿನ್ಯಾಸಗಳೆಲ್ಲ ನಿರ್ವಾತದಲ್ಲಿ ಒಂಟಿಯಾಗಿ ತೇಲುವ ಪರಮಾಣುಗಳವು. ಬಾಗಿಲ ಚಿಲಕದ ಕಬ್ಬಿಣದಲ್ಲಾಗಲಿ ತಾಮ್ರದ ಹಂಡೆಯಲ್ಲಾಗಲಿ ಪರಮಾಣುಗಳು ಒತ್ತೊತ್ತಾಗಿ ಸೇರಿ ಹೊರಗಿನ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡಿರುತ್ತವೆ. ಅಲ್ಲಿ ‘4ಎಸ್‌ನಲ್ಲಿ ಎಷ್ಟು’ ಎಂಬ ಪ್ರಶ್ನೆಗೆ ಪೂರ್ಣಾಂಕದ ಉತ್ತರವೇ ಸಿಗುವುದಿಲ್ಲ.

ಪರೀಕ್ಷೆಯ ವಿಚಾರವನ್ನೂ ಹೇಳಿಬಿಡುತ್ತೇನೆ, ಅದೂ ಮುಖ್ಯವೇ. ವಿನ್ಯಾಸ ಬರೆಯಲು ಓರೆ ಬಾಣ ಬಳಸಲಿ, ತಪ್ಪೇನಿಲ್ಲ. ಬರೆದಾದ ಮೇಲೆ ಕವಚದ ಸಂಖ್ಯೆಯ ಕ್ರಮಕ್ಕೆ ಜೋಡಿಸಿಕೊಳ್ಳಲಿ: ಕಬ್ಬಿಣಕ್ಕೆ 4ಎಸ್² 3ಡಿ⁶ ಎನ್ನುವ ಬದಲು 3ಡಿ⁶ 4ಎಸ್². ಹಾಗೆ ಬರೆದರೆ ಬಲತುದಿಯಲ್ಲಿರುವುದೇ ಮೊದಲು ಹೋಗುವುದು ಎಂಬುದು ಕಣ್ಣಿಗೆ ಕಾಣುತ್ತದೆ, ಅಯಾನುಗಳ ಲೆಕ್ಕದಲ್ಲಿ ಎಡವುವುದಿಲ್ಲ. ‘4ಎಸ್ ಯಾಕೆ ಮೊದಲು ತುಂಬುತ್ತದೆ’ ಎಂದು ಪೊಟ್ಯಾಶಿಯಂ ಬಗ್ಗೆ ಕೇಳಿದರೆ ‘4ಎಸ್ ಎಲೆಕ್ಟ್ರಾನ್ ಒಳಗಿನ ಮೋಡವನ್ನು ಭೇದಿಸಿ ಬೀಜಕೇಂದ್ರದ ಹತ್ತಿರ ಸುಳಿಯುತ್ತದೆ, 3ಡಿಗೆ ಅದು ಸಾಧ್ಯವಿಲ್ಲ’ ಎಂದು ಬರೆಯಲಿ. ಕ್ರೋಮಿಯಂಗೆ ಸದ್ಯಕ್ಕೆ ‘ಅರ್ಧ ತುಂಬಿದ ಉಪಕವಚ’ ಎಂದೇ ಬರೆಯಬೇಕಾಗುತ್ತದೆ. ಟಂಗ್‌ಸ್ಟನ್ ವಿಚಾರ ಉತ್ತರಪತ್ರಿಕೆಯಲ್ಲಿ ಎತ್ತುವುದು ಬೇಡ, ತರಗತಿಯಲ್ಲಿ ಕೇಳಲಿ.

ಇಷ್ಟಾದ ಮೇಲೂ ಅವಳಿಗೆ ಹಸಿವು ಉಳಿದಿದ್ದರೆ 103ನೇ ಧಾತು ಲಾರೆನ್ಸಿಯಂ ನೋಡಲು ಹೇಳಿ. ಬಾಣಗಳ ಪ್ರಕಾರ ಅದರ ಕಡೆಯ ಎಲೆಕ್ಟ್ರಾನ್ 6ಡಿಯಲ್ಲಿರಬೇಕು. ಅಷ್ಟು ಭಾರದ ಬೀಜಕೇಂದ್ರದ ಬಳಿ ಸಾಪೇಕ್ಷತೆಯ ಪರಿಣಾಮ ಸೇರಿಕೊಂಡು ಅದು 7ಪಿಯಲ್ಲಿದೆ ಎನ್ನುತ್ತವೆ ಲೆಕ್ಕಗಳು. ಆ ಧಾತು ಕೆಲವೇ ಪರಮಾಣುಗಳಷ್ಟು ತಯಾರಾಗುತ್ತದೆ, ಬೇಗ ಅಳಿದುಹೋಗುತ್ತದೆ. ಆದರೂ 2015ರಲ್ಲಿ ಜಪಾನಿನ ಟೋಕಾಯ್‌ನಲ್ಲಿ ಅದರ ಮೊದಲ ಎಲೆಕ್ಟ್ರಾನ್ ಕೀಳುವ ಬೆಲೆಯನ್ನು ಅಳೆದರು: 4.96 ಎಲೆಕ್ಟ್ರಾನ್ ವೋಲ್ಟ್. ಪೊಟ್ಯಾಶಿಯಂನ 4.34ಕ್ಕಿಂತ ತುಸುವೇ ಹೆಚ್ಚು. ಇಷ್ಟು ಸಡಿಲವಾಗಿ ಕೂತಿರುವ ಎಲೆಕ್ಟ್ರಾನ್ 6ಡಿಗಿಂತ 7ಪಿಯದ್ದೇ ಇರಬೇಕು ಎಂದು ಏಕೆ ಅನ್ನಿಸುತ್ತದೆ ಎಂಬುದನ್ನು, ಮೇಲಿನ ಪೊಟ್ಯಾಶಿಯಂ ಅಂಕಿಗಳನ್ನು ಎದುರಿಗಿಟ್ಟುಕೊಂಡು, ಅವಳೇ ಯೋಚಿಸಲಿ.